ಒಂದೇ ಡ್ರೈವ್ ಓದುತ್ತಿದ್ದ ಮದುವೆಗಳು

"ಗುರುಗಳೇ, ಒಂದು ಕಂಪ್ಯೂಟರಿಗೆ ಎರಡು ಸಿ.ಡಿ. ಡ್ರೈವ್ ಬೇಕೇ?"

ಕೇಳಿದವನು ಸುಧನ್ವ. ವಿಜ್ಞಾನದ ಪದವಿ ಮುಗಿಸಿ ಆಶ್ರಮಕ್ಕೆ ಬಂದ ಶಿಷ್ಯ. ಆಶ್ರಮದ ಕಂಪ್ಯೂಟರ್ ಅವನ ವಶದಲ್ಲಿತ್ತು. ಹಿರಿಯ ಗುರುಗಳು ತೀರಿಕೊಂಡ ಮೇಲೆ ಅವರ ಪ್ರವಚನಗಳು ಬೂಸ್ಟು ಹಿಡಿದ ಟೇಪುಗಳಲ್ಲಷ್ಟೇ ಉಳಿದಿದ್ದವು. ಅವನ್ನು ಕಂಪ್ಯೂಟರಿಗೆ ಇಳಿಸಿ, ಸಿ.ಡಿ.ಗಳಿಗೆ ಬರೆದವನು ಸುಧನ್ವನೇ. ಇಳಿಸುವಾಗಲೇ ಟೇಪುಗಳು ತುಂಡಾಗುತ್ತಿದ್ದವು. ಕೆಲಸ ಮುಗಿದ ಮೇಲೆ ಟೇಪುಗಳನ್ನು ಎಸೆದು, ಕಂಪ್ಯೂಟರಿನಲ್ಲಿದ್ದದ್ದನ್ನೂ ಅಳಿಸಿ ಚೊಕ್ಕಟ ಮಾಡಿದ್ದ.

ಅಂದು ಬೆಳಿಗ್ಗೆ ಒಬ್ಬ ಭಕ್ತರು ಇನ್ನೊಂದು ಡ್ರೈವ್ ತಂದು, "ಇದೂ ಇರಲಿ, ಜೋಡಿಯಾಗಿರುತ್ತೆ" ಎಂದಿದ್ದರು. ಬೇಡವೆಂದರೆ ವಾಪಸು ಕೊಂಡೊಯ್ಯಲು ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಸುಧನ್ವನಿಗೆ ಜೋಡಿ ಹಿಡಿಸಲಿಲ್ಲ. ಅವನ ಕೋಣೆಯಲ್ಲಿ ಚಾಪೆ ಒಂದು, ಲೋಟ ಒಂದು. ಪಂಚೆ ಮಾತ್ರ ಎರಡು, ಒಂದು ಒಣಗಬೇಕಲ್ಲ.

"ಇರುವ ಒಂದು ಚೆನ್ನಾಗಿದೆ," ಎಂದ. "ಬರೆಯುತ್ತದೆ, ಓದುತ್ತದೆ. ನಕಲು ಬೇಕಾದರೆ ಮೊದಲು ಕಂಪ್ಯೂಟರಿನೊಳಗೆ ಇಳಿಸಿಕೊಂಡು, ಆಮೇಲೆ ಖಾಲಿ ಸಿ.ಡಿ. ಹಾಕಿದರಾಯಿತು. ಎರಡಿದ್ದರೆ ಬೇಗ ಆಗುತ್ತದೆ, ನಿಜ. ನಮಗೇನು ಅವಸರ? ಇನ್ನೊಂದು ಡ್ರೈವ್ ಅಂದರೆ ಇನ್ನೊಂದು ತಂತಿ, ಇನ್ನಷ್ಟು ಧೂಳು."

ಗುರುಗಳು ನಕ್ಕರು. "ಅವರ ಕಾಫಿ ಮುಗಿಯುವಷ್ಟರಲ್ಲಿ ಒಂದು ಕತೆ ಹೇಳಬಹುದು. ಕೂತುಕೋ."

ಸುಧನ್ವ ಕೂತ. ಗುರುಗಳು ಹೇಳಿದರು.

ಒಂದೂರಿನಲ್ಲಿ ಒಬ್ಬ ಫೋಟೊಗ್ರಾಫರ್ ಇದ್ದ. ಆ ಊರಿನ ಮದುವೆಗಳೆಲ್ಲ ಅವನ ಕ್ಯಾಮೆರಾದ ಮುಂದೆಯೇ ನಡೆಯುತ್ತಿದ್ದವು. ಅವನು ತಲೆಯಾಡಿಸದೆ ಪುರೋಹಿತರು ತಾಳಿ ಕಟ್ಟಿಸುತ್ತಿರಲಿಲ್ಲ. ಮದುವೆಯಾದ ಮೇಲೆ ವಿಡಿಯೊವನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಹಾಡು ಕೂಡಿಸಿ, ಎರಡು ಸಿ.ಡಿ. ಬರೆಯುತ್ತಿದ್ದ. ಒಂದು ಮದುವೆಯವರ ಮನೆಗೆ, ಒಂದು ಅಂಗಡಿಯ ಕಪಾಟಿಗೆ. ಬರೆದದ್ದನ್ನು ಅದೇ ಡ್ರೈವಿನಲ್ಲಿ ಹಾಕಿ ಮೊದಲಿನಿಂದ ಕೊನೆಯ ತನಕ ನೋಡುತ್ತಿದ್ದ. ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಕಂಪ್ಯೂಟರಿನಿಂದ ಆ ಮದುವೆಯನ್ನು ಅಳಿಸುತ್ತಿದ್ದ. ಮುಂದಿನ ಮದುವೆಗೆ ಜಾಗ ಬೇಕಿತ್ತು. ಶಿಸ್ತಿನ ಮನುಷ್ಯ.

ಆಷಾಢ ಬಂತು. ಮದುವೆಗಳು ನಿಂತವು. ಹೊಸದಾಗಿ ಮದುವೆಯಾದವರು ಆ ತಿಂಗಳು ಒಂದೇ ಸೂರಿನಡಿ ಇರಬಾರದೆಂಬ ವಾಡಿಕೆ. ಹೊಸ ಸೊಸೆಯರೆಲ್ಲ ತವರಿಗೆ ಹೋದರು. ಆಗ ಒಬ್ಬ ಮದುವಣಿಗ ತನ್ನ ಸಿ.ಡಿ. ಹಿಡಿದುಕೊಂಡು ಅಂಗಡಿಗೆ ಬಂದ.

"ಅಣ್ಣಾ, ಹೆಂಡ್ತಿ ತವರಿಗೆ ಹೋದ್ಲು. ನನ್ನ ಪಾಲಿಗೆ ಉಳಿದಿರೋದು ಈ ಸಿ.ಡಿ. ಒಂದೇ. ಇದೂ ಮುಖ ತೋರಿಸ್ತಿಲ್ಲ."

"ನಿನ್ನ ಪ್ಲೇಯರ್ ಕೆಟ್ಟಿರಬೇಕು."

"ಎಲ್ಲಿ ಕೆಡುತ್ತೆ ಅಣ್ಣಾ, ಮದುವೇಲಿ ಉಡುಗೊರೆ ಬಂದದ್ದು. ಇನ್ನೂ ಪ್ಲಾಸ್ಟಿಕ್ಕು ಬಿಚ್ಚಿಲ್ಲ."

"ಹಾಗಾದ್ರೆ ಉಡುಗೊರೆ ಕೊಟ್ಟೋರು ಅಗ್ಗದ್ದು ಕೊಟ್ಟಿದಾರೆ ಬಿಡು."

ಫೋಟೊಗ್ರಾಫರ್ ಸಿ.ಡಿ.ಯನ್ನು ತನ್ನ ಡ್ರೈವಿಗೆ ಹಾಕಿದ. ಓಡಿತು. ನಾದಸ್ವರ ಕೇಳಿತು. ಅತ್ತೆ ಕಣ್ಣೊರೆಸಿಕೊಂಡರು. ಹುಡುಗಿ ತಲೆ ತಗ್ಗಿಸಿದಳು, ಮತ್ತೆ ಎತ್ತಿದಳು. ಮದುವಣಿಗ ಕೊನೆಯ ತನಕ ಅಲುಗಾಡದೆ ನೋಡಿದ. ಏಳುವಾಗ, "ನಾಳೆ ಬರಲಾ?" ಎಂದ.

ಮರುದಿನ ಅವನು ಇನ್ನೊಬ್ಬ ಮದುವಣಿಗನನ್ನು ಜೊತೆಗೆ ಕರೆತಂದ. ಅವನದೂ ಅದೇ ದೂರು. ಅವನಿಗೂ ಅದೇ ಉತ್ತರ. ಆಷಾಢ ಅರ್ಧವಾಗುವ ಹೊತ್ತಿಗೆ ಅಂಗಡಿಯ ಬೆಂಚು ತುಂಬಿತು. ಸರದಿಯ ಮೇಲೆ ಮದುವೆಗಳು ಓಡಿದವು. ಒಬ್ಬನ ಮದುವೆಯ ಊಟವನ್ನು ಇನ್ನೊಬ್ಬ ಹೊಗಳಿದ. ಮತ್ತೊಬ್ಬನ ಪೇಟ ವಾಲಿತ್ತೆಂದು ಎಲ್ಲರೂ ಕೂಡಿ ರೇಗಿಸಿದರು. ಊರಿನ ಪ್ಲೇಯರುಗಳಲ್ಲಿ ಒಂದೂ ನೆಟ್ಟಗಿಲ್ಲವಲ್ಲ ಎಂದು ಫೋಟೊಗ್ರಾಫರನಿಗೆ ಬೇಸರವಾಯಿತು. ಊರಿನ ಬಗ್ಗೆ ಅವನಿಗೆ ಮೊದಲೇ ಅಂಥ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ದಿನವಿಡೀ ಓಡಿ ಅವನ ಡ್ರೈವ್ ದಣಿಯಿತು. ತಟ್ಟೆ ಹೊರಬರುವಾಗ ತಡೆಯುತ್ತಿತ್ತು, ಬೆರಳಿನಿಂದ ಎಳೆಯಬೇಕಾಗುತ್ತಿತ್ತು. ಶ್ರಾವಣದಲ್ಲಿ ಮತ್ತೆ ಮದುವೆಗಳು ಶುರುವಾಗುತ್ತವೆ. ಒಂದು ಓದುತ್ತಿರಲಿ, ಒಂದು ಬರೆಯುತ್ತಿರಲಿ ಎಂದು ಎರಡನೆಯ ಡ್ರೈವ್ ತಂದು ಜೋಡಿಸಿದ. ಕಪಾಟಿನಿಂದ ಒಂದು ಸಿ.ಡಿ. ತೆಗೆದು ಅದಕ್ಕೆ ಕೊಟ್ಟ. ಹೊಸ ಡ್ರೈವ್ ಅದನ್ನು ತಿರುಗಿಸಿತು, ಮತ್ತೆ ತಿರುಗಿಸಿತು, ಹೊರಗೆ ಉಗುಳಿತು. ಇನ್ನೊಂದು ಕೊಟ್ಟ. ಅದನ್ನೂ ಉಗುಳಿತು.

ಫೋಟೊಗ್ರಾಫರ್ ಆ ಡ್ರೈವನ್ನು ಕೊಂಡ ಅಂಗಡಿಗೆ ಹಿಂದಿರುಗಿಸಿ ಬೇರೊಂದು ತಂದ. ಅದೂ ಉಗುಳಿತು. "ಈಗಿನ ಮಾಲೇ ಹೀಗೆ," ಎಂದ. ಹಳೆಯದರ ತಲೆ ಸವರಿದ. "ಹಿಂದಿನವು ಹಿಂದಿನವೇ."

ಬೆಂಚಿನ ಮೇಲಿದ್ದ ಮದುವಣಿಗರಿಗೆ ತಾಳ್ಮೆ ತಪ್ಪುತ್ತಿತ್ತು. ಅಂದಿನ ಮದುವೆ ಇನ್ನೂ ಶುರುವಾಗಿರಲಿಲ್ಲ. ಹೊಸದು ಕೆಟ್ಟದ್ದೆಂದು ಅವರೆಲ್ಲರ ಮುಂದೆ ತೋರಿಸಿಯೇ ಬಿಡೋಣ ಎಂದುಕೊಂಡ ಫೋಟೊಗ್ರಾಫರ್. ಮೊದಲು ಬಂದಿದ್ದ ಮದುವಣಿಗನ ಮದುವೆಯನ್ನು ಹಳೆಯದರಿಂದ ಓದಿಸಿ, ಹೊಸದರಲ್ಲಿ ಬರೆಸಿ, ಅವನ ಕೈಗಿಟ್ಟ. "ತಗೊಂಡು ಹೋಗಿ ಹಾಕು. ಇದಂತೂ ಎಲ್ಲೂ ಓಡಲ್ಲ."

ಮದುವಣಿಗ ಹೋದ. ಸ್ವಲ್ಪ ಹೊತ್ತಿನಲ್ಲಿ ಓಡೋಡಿ ಬಂದ. ಬೀದಿಯಲ್ಲಿ ಇರುವಾಗಲೇ ಕೂಗುತ್ತಿದ್ದ.

"ಅಣ್ಣಾ! ಮನೇಲಿ ಓಡ್ತು! ಪಕ್ಕದ ಮನೇಲೂ ಓಡ್ತು! ಕಟಿಂಗ್ ಶಾಪಲ್ಲಿ ಹಾಕ್ಸಿದೆ, ಅಲ್ಲೂ ಓಡ್ತು! ಅಲ್ಲಿ ಕೂತಿದ್ದೋರು ಅರ್ಧ ಗಡ್ಡ ಬಿಟ್ಟು ಎದ್ದು ಬಂದು ನನ್ನ ಹೆಂಡ್ತೀನ ನೋಡಿದ್ರು!"

ಬೆಂಚಿನವರೆಲ್ಲ ಚಪ್ಪಾಳೆ ತಟ್ಟಿದರು. ಫೋಟೊಗ್ರಾಫರ್ ತಟ್ಟಲಿಲ್ಲ. ಅವನು ಕಪಾಟಿನ ಕಡೆ ನೋಡುತ್ತಿದ್ದ.

ಕಪಾಟಿನ ತುಂಬ ಊರಿನ ಮದುವೆಗಳು. ಅಷ್ಟನ್ನೂ ಬರೆದದ್ದು ಹಳೆಯ ಡ್ರೈವ್. ಅದರ ಕಣ್ಣು ಎಂದೋ ಕೊಂಚ ಓರೆಯಾಗಿತ್ತು. ಓರೆಯಾಗಿ ಬರೆಯುತ್ತಿತ್ತು, ಓರೆಯಾಗಿಯೇ ಓದುತ್ತಿತ್ತು. ಹಾಗಾಗಿ ಅದಕ್ಕೆ ಎಲ್ಲವೂ ನೇರವಾಗಿ ಕಾಣುತ್ತಿತ್ತು. ಬೇರೆ ಯಾವ ಯಂತ್ರಕ್ಕೂ ಆ ಬರಹ ಓದಲು ಬರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಮದುವೆಯೂ ಉಳಿದಿರಲಿಲ್ಲ. ಈ ಡ್ರೈವ್ ನಿಂತರೆ ಊರಿನ ಮದುವೆಗಳೆಲ್ಲ ಅದರೊಡನೆ ನಿಂತುಹೋಗುತ್ತವೆ. ಅದರ ತಟ್ಟೆಯೋ ಆಗಲೇ ತಡೆಯುತ್ತಿತ್ತು.

"ಪ್ಲೇಯರುಗಳು ಸರಿಯಾಗಿದ್ದವು ಕಣ್ರಪ್ಪಾ," ಎಂದ ಫೋಟೊಗ್ರಾಫರ್. ಅಷ್ಟು ಹೇಳುವುದಕ್ಕೆ ಅವನಿಗೆ ಒಂದು ಲೋಟ ನೀರು ಬೇಕಾಯಿತು.

ಅಂದಿನಿಂದ ಆಷಾಢ ಮುಗಿಯುವ ತನಕ ಎರಡು ಡ್ರೈವುಗಳೂ ಒಂದೇ ಪೆಟ್ಟಿಗೆಯಲ್ಲಿ ಕೂತು ದುಡಿದವು. ಹಳೆಯದು ಓದಿತು, ಹೊಸದು ಬರೆಯಿತು. ಮದುವಣಿಗರಿಗೆ ಹೇಗೂ ಮನೆಯಲ್ಲಿ ಕೆಲಸವಿರಲಿಲ್ಲ. ಒಬ್ಬ ಸಿ.ಡಿ. ಒರೆಸಿ ಕೊಟ್ಟ. ಒಬ್ಬ ಪೆಟ್ಟಿಗೆಗೆ ಬೀಸಣಿಗೆಯಿಂದ ಗಾಳಿ ಹಾಕಿದ. ಇನ್ನೊಬ್ಬ, ತಟ್ಟೆ ತಡೆದಾಗಲೆಲ್ಲ, ಹಾಲು ಕೊಡದ ಹಸುವಿಗೆ ಹೇಳುವಂತೆ "ಬಾರವ್ವ, ಬಾ ನಮ್ಮವ್ವ" ಎಂದು ಪುಸಲಾಯಿಸಿದ. ಒಂದೊಂದು ಮದುವೆ ದಾಟಿ ಬಂದಾಗಲೂ ಬೆಂಚು ಗೆದ್ದಂತೆ ಕೂಗುತ್ತಿತ್ತು.

ಹೆಚ್ಚುಕಡಿಮೆ ಎಲ್ಲವೂ ದಾಟಿದವು. ಒಂದು ಮದುವೆಯಲ್ಲಿ ಧಾರೆಯ ತನಕ ಬಂದು, ಊಟದ ಪಂಕ್ತಿ ಹೋಯಿತು. ಊಟದಲ್ಲಿ ಮಾತ್ರ ಕಾಣಿಸಿಕೊಂಡಿದ್ದ ಸೋದರಮಾವನೊಬ್ಬ ಬಹಳ ದಿನ ಫೋಟೊಗ್ರಾಫರನೊಡನೆ ಮಾತು ಬಿಟ್ಟಿದ್ದನಂತೆ. ಹಳೆಯ ಡ್ರೈವನ್ನು ಫೋಟೊಗ್ರಾಫರ್ ಆಮೇಲೆಯೂ ಬಿಚ್ಚಲಿಲ್ಲ. ಆದರೆ ಅದು ಬರೆದದ್ದನ್ನು ಹೊಸದಕ್ಕೆ ತೋರಿಸದೆ, ಹೊಸದು ಬರೆದದ್ದನ್ನು ಪಕ್ಕದ ಮನೆಗೆ ತೋರಿಸದೆ ಯಾರ ಮದುವೆಯನ್ನೂ ಅಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸುಧನ್ವ ನಗುತ್ತಿದ್ದ. ಅರ್ಧ ಗಡ್ಡದವರನ್ನು ನೆನೆದು ಇನ್ನೊಮ್ಮೆ ನಕ್ಕ. ಆಮೇಲೆ ಯೋಚಿಸಿದ. ಕತೆಯಲ್ಲಿ ತನ್ನ ಪ್ರಶ್ನೆಗೆ ಸಂಬಂಧಿಸಿದ್ದು ಯಾವುದು, ಸಂಬಂಧಿಸದ್ದು ಯಾವುದು ಎಂದು ಬೇರೆಬೇರೆ ಮಾಡಿದ.

"ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಅವನ ಡ್ರೈವ್ ಓರೆಯಾಗಿತ್ತು. ಅದಕ್ಕೇ ಎರಡನೆಯದು ಬೇಕಾಯಿತು. ನಮ್ಮದು ನೇರವಾಗಿದೆ. ಹಿರಿಯ ಗುರುಗಳ ಪ್ರವಚನಗಳನ್ನು ಬರೆದ ಮೇಲೆ ಒಂದೊಂದು ಸಿ.ಡಿ.ಯನ್ನೂ ಹಾಕಿ ಪೂರ್ತಿ ಕೇಳಿದ್ದೇನೆ. ಎಲ್ಲೂ ತಡವರಿಸಿಲ್ಲ."

"ಯಾವುದರಲ್ಲಿ ಹಾಕಿ ಕೇಳಿದೆ?"

"ನಮ್ಮ..." ಎಂದ ಸುಧನ್ವ. ಭಕ್ತರು ಇನ್ನೂ ಅಲ್ಲೇ ಇದ್ದಾರೆಯೇ ಎಂದು ಜಗಲಿಯ ಕಡೆ ನೋಡಿದ.

ಗುರುಗಳು ಅವನ ಭುಜ ತಟ್ಟಿದರು.

"ಎರಡನೆಯದು ಬೇಕೇ ಎಂದು ನೀನು ಕೇಳಿದ್ದು ಮೊದಲನೆಯದನ್ನೇ, ಮಗು."