ಗುಡ್ಡಜ್ಜಿ ಕೊಟ್ಟ ಓಟ

ಭೂಮಿಯ ಮೇಲೆ ಇನ್ನೂ ಒಂದು ಗೀರೂ ಬಿದ್ದಿರದ ಕಾಲ ಅದು, ಮಗು. ನೆಲ ಕನ್ನಡಿಯಷ್ಟು ನುಣುಪು. ಉರುಳಿದ್ದು ಉರುಳುತ್ತಲೇ ಇರುತ್ತಿತ್ತು. ನಿಂತದ್ದು ನಿಂತೇ ಇರುತ್ತಿತ್ತು.

ಆಗ ಒಬ್ಬಳು ಗುಡ್ಡಜ್ಜಿ ಇದ್ದಳು. ಅವಳ ಮೈಮೇಲಿನ ಕಲ್ಲುಗಳೇ ಅವಳ ಮೊಮ್ಮಕ್ಕಳು. ಅವರು ದೊಡ್ಡವರಾದಾಗ ಒಬ್ಬೊಬ್ಬರಿಗೂ ಒಂದೊಂದು ಓಟ ಕೊಟ್ಟು ಕಳಿಸುವುದು ಅವಳ ಪದ್ಧತಿ. ಒಂದೇ ಸಲ, ಬೆನ್ನಿಗೆ ಕೈಯಿಟ್ಟು, ಮೆಲ್ಲಗೆ ತಳ್ಳಿ.

ಮಳೆಗೆ ಕರಗಿ ಕರಗಿ ಅಜ್ಜಿ ಸಣ್ಣಗಾಗಿದ್ದಳು. ಅವಳ ಬಳಿ ಉಳಿದಿದ್ದವಳು ಕೊನೆಯ ಮೊಮ್ಮಗಳು ದುಂಡಿ.

"ಇದು ನನ್ನ ಕೊನೇ ಓಟ, ಕೂಸೇ. ಪೂರ್ವಕ್ಕೆ ಹೊರಡು. ಕಳೆಯಬೇಡ."

"ಕಳೆಯಲ್ಲಜ್ಜಿ."

ಅಜ್ಜಿ ತಳ್ಳಿದಳು. ಅವಳು ಒಮ್ಮೆ ಉಸಿರಾಡುವಷ್ಟರಲ್ಲಿ ದುಂಡಿ ಹತ್ತು ಮಾರು ಉರುಳಿದಳು. ಇನ್ನೊಂದು ಉಸಿರಿಗೆ ಇನ್ನೂ ಹತ್ತು ಮಾರು. ಹಿಂದೆ ಇಬ್ಬನಿಯಲ್ಲಿ ನೇರವಾದ ಗೆರೆ.

ದಾರಿಯಲ್ಲಿ ಬಟ್ಟ ಎಂಬ ಕಲ್ಲು ಕೂತಿತ್ತು. ದುಂಡಿಯಷ್ಟೇ ದುಂಡು, ದುಂಡಿಯಷ್ಟೇ ತೂಕ.

"ಏಯ್, ಆಚೆ ಸರಿಯೋ!"

"ಹೆಂಗೆ ಸರೀಲಿ? ನನಗೆ ಅಜ್ಜಿ ಇಲ್ಲ. ಇದುವರೆಗೂ ಯಾರೂ ತಳ್ಳಿಲ್ಲ!"

ಟಕ್! ಬಟ್ಟನ ಎಡಪಕ್ಕೆಗೆ ತಾಗಿ ದುಂಡಿ ಎಡಕ್ಕೆ ಓರೆಯಾದಳು. ಬಟ್ಟ ಬಲಕ್ಕೆ ಓರೆಯಾಗಿ ಹೊರಟ.

"ನಾನೂ ಹೊರಟೆ! ನೋಡ್ರೋ, ನಾನೂ ಹೊರಟೆ!"

ದುಂಡಿಗೆ ಮಾತ್ರ ಅಳು ಬಂತು. ದಾರಿ ಬಾಗಿತ್ತು. ಓಟವೂ ಕಡಿಮೆಯಾಗಿತ್ತು. "ಅಜ್ಜಿ ಕೊಟ್ಟಿದ್ದನ್ನ ಕಳೆದುಬಿಟ್ಟೆ."

ಗಾಳಿ ಅದನ್ನು ಕೇಳಿ ಅಜ್ಜಿಗೆ ಹೇಳಿತು. ಅಜ್ಜಿ ಆಮೆಯನ್ನೂ ಏಡಿಯನ್ನೂ ಕರೆದು, "ಗೆರೆಗಳನ್ನು ಅಳೆದು ಬನ್ನಿ" ಎಂದಳು. ಆಮೆಗೆ ನೇರ ನಡಿಗೆ ಮಾತ್ರ ಗೊತ್ತು, ಏಡಿಗೆ ಅಡ್ಡ ನಡಿಗೆ ಮಾತ್ರ.

"ನೆಟ್ಟಗೆ ನಡೆಯೋದು ಯಾವಾಗ ಕಲೀತೀಯಪ್ಪ?" ಎಂದಿತು ಆಮೆ.

"ನೀನು ಪಕ್ಕಕ್ಕೆ ನೋಡೋದು ಕಲಿತ ಮೇಲೆ," ಎಂದಿತು ಏಡಿ.

ಅಳೆದು ಬಂದ ಆಮೆ ಹೇಳಿತು: "ಒಂದು ಉಸಿರಿಗೆ ದುಂಡಿ ಪೂರ್ವಕ್ಕೆ ಎಂಟು ಮಾರು, ಬಟ್ಟ ಎರಡು. ಕೂಡಿದರೆ ಹತ್ತೇ, ಅಜ್ಜಿ."

"ಪಕ್ಕಕ್ಕೆ ಹೋಗಿದ್ದು?"

"ಅವಳು ಎಡಕ್ಕೆ ನಾಲ್ಕು, ಅವನು ಬಲಕ್ಕೆ ನಾಲ್ಕು," ಎಂದಿತು ಏಡಿ. "ಒಂದನ್ನೊಂದು ಸರಿದೂಗಿಸಿವೆ."

ಅಜ್ಜಿಯ ಮುಖ ಅರಳಿತು. "ಗಾಳಿ, ನನ್ನ ಕೂಸಿಗೆ ಹೇಳು. ಏನೂ ಕಳೆದಿಲ್ಲ. ಒಬ್ಬಳು ಹೊತ್ತಿದ್ದನ್ನು ಈಗ ಇಬ್ಬರು ಹೊತ್ತಿದ್ದಾರೆ. ಆ ಬಟ್ಟನಿಗೂ ಇನ್ನು ನಾನೇ ಅಜ್ಜಿ."

ಗಾಳಿ ಓಡಿಹೋಗಿ ಹೇಳಿತು. ದುಂಡಿ ಹಿಂತಿರುಗಿ ನೋಡಿದಾಗ ಗುಡ್ಡ ಇರಲಿಲ್ಲ. ಅಷ್ಟರಲ್ಲಿ ಅಜ್ಜಿ ಮರಳಾಗಿ ನೆಲದ ತುಂಬ ಹರಡಿಕೊಂಡಿದ್ದಳು. ದುಂಡಿ ಅತ್ತಳು. ಅಳುತ್ತಲೇ ಉರುಳಿದಳು. ಬೆನ್ನ ಮೇಲೆ ಅಜ್ಜಿಯ ಕೈ ಇನ್ನೂ ಇತ್ತು.

ಅದಕ್ಕೇ ಮಗು, ನೀನು ಹೊಡೆದ ಗೋಲಿ ನಿಂತ ಗೋಲಿಗೆ ಓರೆಯಾಗಿ ತಾಗಿದರೆ ಒಂದು ಅತ್ತ, ಒಂದು ಇತ್ತ ಹೋಗುತ್ತವೆ. ನಿನ್ನ ಬೆರಳು ಕೊಟ್ಟ ಓಟವನ್ನು ಎರಡೂ ಹಂಚಿಕೊಂಡು ಹೊರುತ್ತವೆ. ಸ್ವಲ್ಪ ದೂರ ಹೋದ ಮೇಲೆ ಅಜ್ಜಿಯ ಮರಳು ಅದನ್ನು ಮೆಲ್ಲಗೆ ಇಸಿದುಕೊಂಡು, ಎರಡನ್ನೂ ತನ್ನ ಮಡಿಲಲ್ಲಿ ನಿಲ್ಲಿಸಿಕೊಳ್ಳುತ್ತದೆ.