ಜಿಂಕೆ ಮೆಚ್ಚಿದ ಜೋಳ

ಕಾಡಂಚಿನ ಊರಿನ ಪಟೇಲರಿಗೆ ಕೂತಲ್ಲೇ ಶಿಕಾರಿ ಮಾಡುವ ಆಸೆ. ಹೊಲದಾಳನ್ನು ಕರೆದು ಗುಡುಗಿದರು: "ಅಟ್ಟಣೆ ಮುಂದಿನ ಹೊಲಕ್ಕೆ ಜಿಂಕೆ ಮೆಚ್ಚೋ ಅಂಥ ಮುಸುಕಿನ ಜೋಳ ಹಾಕು. ಜಿಂಕೆ ಬರಲಿಲ್ಲವೋ, ನೀನು ಊರು ಬಿಡು!"

"ಆಗಲಿ ಬುದ್ಧಿ," ಎಂದ ಆಳು. ಅವನಿಗೆ ಜಿಂಕೆಗಳ ಮೇಲೆ ಮರುಕ. ದನದ ಮೇವಿಗೆ ಬಿತ್ತುವ, ಆಳೆತ್ತರ ಮೀರಿ ಬೆಳೆಯುವ ಬೀಜವನ್ನೇ ಆರಿಸಿ ತಂದ. ಸಾಲು ಹಿಡಿದು ಬಿತ್ತದೆ ಹೊಲದ ತುಂಬ ಒತ್ತಾಗಿ ಎರಚಿದ.

ಜೋಳ ಬೆಳೆದ ಮೇಲೆ ಪಟೇಲರು ಬಂದೂಕು ಹಿಡಿದು, ಆಳನ್ನೂ ಕರೆದುಕೊಂಡು ಅಟ್ಟಣೆ ಏರಿದರು. ಜೋಳದೊಳಗೆಲ್ಲ ಕರುಮುರು ಸದ್ದು. ಮೇಲಿಂದ ಬಗ್ಗಿ ನೋಡಿದರೂ ಜಿಂಕೆಯ ಒಂದು ಕಿವಿಯೂ ಕಾಣಲಿಲ್ಲ.

"ಎಲ್ಲೋ ಜಿಂಕೆ?"

"ಮೇಯ್ತಾ ಅವೆ ಬುದ್ಧಿ. ಕೇಳಿಸ್ತಿಲ್ವಾ?"

"ಕಣ್ಣಿಗೆ ಕಾಣಬೇಡ್ವೇನೋ!"

"ಜಿಂಕೆ ಮೆಚ್ಚೋ ಜೋಳ ಅಂದ್ರಿ. ಬಂದೂಕು ಮೆಚ್ಚೋ ಜೋಳವನ್ನ ಜಿಂಕೆ ಯಾಕೆ ಮೆಚ್ಚುತ್ತೆ, ಬುದ್ಧಿ?"