ಕಟ್ಟೆಯ ಎಲೆ, ಬಿಲದ ಎಲೆ

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಎಲೆಯ ಮೇಲೆ ಗೀಚಿ ಒಂದಕ್ಕೊಂದು ಸುದ್ದಿ ಕಳಿಸುತ್ತಿದ್ದವು. ಮೊದಲೆಲ್ಲ ಗಿಳಿಗಳು ಎಲೆಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದವು. ಆಮೇಲೆ ಕೆಂಚಪ್ಪನೆಂಬ ನರಿ ಆಲದ ಮರದಡಿ ಒಂದು ಕಟ್ಟೆ ಕಟ್ಟಿದ. "ಎಲ್ಲರ ಎಲೆಯೂ ಇಲ್ಲೇ ತೂಗಲಿ. ಬನ್ನಿ, ಓದಿ, ಹರಟೆ ಹೊಡೆಯಿರಿ. ಮನೆಯಲ್ಲಿ ಕಸ ಯಾಕೆ?" ಎಂದ. ಕಟ್ಟೆ ಭರ್ತಿಯಾಯಿತು. ನಿಜ ಹೇಳಬೇಕೆಂದರೆ, ಅಲ್ಲಿ ಮಜವೂ ಇತ್ತು.

ನಿಂಗಕ್ಕ ಎಂಬ ಮುಳ್ಳುಹಂದಿಯೂ ದಿನಾ ಹೋಗುತ್ತಿದ್ದಳು. ಆದರೆ ಅವಳಿಗೊಂದು ಹಳೇ ಚಾಳಿ. ತನಗೆ ಬಂದ ಎಲೆಯನ್ನು ಬಿಲಕ್ಕೆ ಒಯ್ದು, ಮುಳ್ಳಿನಿಂದ ಅದರ ನಕಲು ಗೀಚಿ, ನಕಲನ್ನು ಕಟ್ಟೆಯಲ್ಲಿ ತೂಗಿಹಾಕುತ್ತಿದ್ದಳು.

"ಇದೇನಕ್ಕಾ, ಇನ್ನೂ ಅಜ್ಜಿ ಕಾಲದಲ್ಲೇ ಇದ್ದೀಯಲ್ಲ!" ಎಂದು ಮಂಗ ಹಲ್ಲು ಕಿರಿಯಿತು.

"ಇರಲಿ ಬಿಡಪ್ಪ, ನನ್ನ ಎಲೆ ನನ್ನ ಕೈಗೆ ಸಿಗಬೇಕು" ಎಂದಳು ನಿಂಗಕ್ಕ.

ಬೇಸಿಗೆ ಬಂತು. ನಿಂಗಕ್ಕನ ತಣ್ಣನೆಯ ಬಿಲದ ಮೇಲೆ ಕೆಂಚಪ್ಪನ ಕಣ್ಣು ಬಿತ್ತು. "ಬಿಸಿಲು ಮುಗಿಯುವವರೆಗೆ ನಿನ್ನ ಬಿಲ ಕೊಡು ತಾಯಿ, ಮೊದಲ ಮಳೆಗೇ ಬಿಟ್ಟುಕೊಡುತ್ತೇನೆ" ಎಂದು ಎಲೆ ಬರೆದು ಪಂಜ ಒತ್ತಿದ. ನಿಂಗಕ್ಕನ ಮನಸ್ಸು ಕರಗಿತು. ಎಂದಿನಂತೆ ಆ ಎಲೆಯನ್ನು ಬಿಲದಲ್ಲಿ ಎತ್ತಿಟ್ಟು, ನಕಲನ್ನು ಕಟ್ಟೆಗೆ ಹಾಕಿ, ತಂಗಿಯ ಮನೆಗೆ ಹೋದಳು.

ಮೊದಲ ಮಳೆ ಬಿತ್ತು. ತುಂಬು ಬಸುರಿ ನಿಂಗಕ್ಕ ಬಿಲದ ಬಾಗಿಲಿಗೆ ಬಂದಳು. "ಬಿಲ ಬಿಡಪ್ಪ, ಮರಿ ಹಾಕುವ ಹೊತ್ತಾಯಿತು."

"ಶಾಶ್ವತವಾಗಿ ಕೊಟ್ಟಿದ್ದೀಯಲ್ಲ! ಕಟ್ಟೆಗೆ ಹೋಗಿ ನೋಡು."

ಕಟ್ಟೆಯಲ್ಲಿ ಅವಳ ನಕಲು ಇರಲಿಲ್ಲ. "ಬಿಲವನ್ನು ಶಾಶ್ವತವಾಗಿ ನನಗೇ ಕೊಟ್ಟದ್ದಕ್ಕೆ ಉಪಕಾರ" ಎಂಬ ಕೆಂಚಪ್ಪನ ಹೊಸ ಎಲೆ ತೂಗುತ್ತಿತ್ತು. ಕಟ್ಟೆಯೇ ಕೆಂಚಪ್ಪನದು, ಇನ್ನು ಕೇಳುವವರು ಯಾರು? ನಿಂಗಕ್ಕನಿಗೆ ಅಳುವೇ ಬಂತು. ನೇರ ಕಾಡಿನ ಹಿರಿಯ ಆನೆಯಜ್ಜನ ಬಳಿ ಹೋದಳು. ಅಜ್ಜ ಎಲ್ಲರನ್ನೂ ಬಿಲದ ಮುಂದೆ ಸೇರಿಸಿದ.

"ಅಜ್ಜಾ, ಅಸಲು ಎಲೆ ಬಿಲದೊಳಗೇ ಇದೆ" ಎಂದಳು ನಿಂಗಕ್ಕ.

"ಮೂಲೆಮೂಲೆ ಗುಡಿಸಿದ್ದೇನೆ, ಒಂದೂ ಇಲ್ಲ" ಎಂದು ಕೆಂಚಪ್ಪ ನಕ್ಕ.

"ನೀನು ಮಲಗುವುದು ಎಲ್ಲಪ್ಪ?" ಎಂದು ನಿಂಗಕ್ಕ ಕೇಳಿದಳು.

"ಒಳಗಿನ ಚಪ್ಪಟೆ ಕಲ್ಲಿನ ಮೇಲೆ. ಒಳ್ಳೆ ತಂಪು!"

"ಅಜ್ಜಾ, ಆ ಕಲ್ಲು ಎತ್ತಿಸಿ."

ಮಂಗ ಒಳಗೆ ನುಗ್ಗಿ ಎತ್ತಿತು. ಕೆಳಗೆ ಎಲೆಗಳ ಕಟ್ಟು! ಮೇಲಿನ ಎಲೆಯಲ್ಲೇ ಕೆಂಚಪ್ಪನ ಮಾತು, ಕೆಂಚಪ್ಪನ ಪಂಜ. ಬೇಸಿಗೆಯುದ್ದಕ್ಕೂ ಅವನು ತಾನು ಕೊಟ್ಟ ಮಾತಿನ ಮೇಲೇ ಗೊರಕೆ ಹೊಡೆದಿದ್ದ.

ಕೆಂಚಪ್ಪ ಬಾಲ ಮುದುಡಿಕೊಂಡು ಕಾಡು ಬಿಟ್ಟ. ನಿಂಗಕ್ಕ ಅಂದೇ ಬಿಲ ಹೊಕ್ಕು ಎರಡು ಮರಿ ಹಾಕಿದಳು. ಕಟ್ಟೆಯ ಹರಟೆಯೇನೂ ನಿಲ್ಲಲಿಲ್ಲ. ಆದರೆ ಗಿಳಿಗಳಿಗೆ ಮತ್ತೆ ಪುರುಸೊತ್ತಿಲ್ಲದಷ್ಟು ಕೆಲಸ ಸಿಕ್ಕಿತು. ಮಂಗ ಮಾತ್ರ ತನ್ನ ಎಲೆಗಳನ್ನು ಬಚ್ಚಿಡಲು ಒಂದು ವಾರ ಚಪ್ಪಟೆ ಕಲ್ಲು ಹುಡುಕುತ್ತಾ ಅಲೆಯಿತು.

ನೀತಿ: ಹರಟೆಗೆ ನಾಲ್ಕು ಜನರ ಕಟ್ಟೆ ಚೆನ್ನ, ಆದರೆ ಓಲೆಯಾಗಲಿ, ಇಮೇಲ್ ಆಗಲಿ, ಮುಖ್ಯವಾದ ಮಾತಿನ ಪ್ರತಿ ನಮ್ಮ ಮನೆಯಲ್ಲೂ ಇರಬೇಕು.